ಗೋಲ್ಡನ್ ರೇಶಿಯೋ ಮನೆ, ಚದರಡಿಗೆ 200 ಜಾಸ್ತಿ!

ನಮ್ಮ ಚಾನೆಲ್‌ನ ಎಡಿಟಿಂಗ್ ವಿಭಾಗದಲ್ಲಿ ಒಬ್ಬ ಹುಡುಗ ಇದ್ದಾನೆ. ಹುಡುಗ ಅಂತ ಕರೆಯೋದು ನನ್ನ ಅಭ್ಯಾಸ, ವಯಸ್ಸು ನಲವತ್ತರ ಹತ್ತಿರ ಬಂದಿದೆ. ಹನ್ನೆರಡು ವರ್ಷದಿಂದ ಬಾಡಿಗೆ ಮನೆ. ಈ ಸಲ ಫ್ಲಾಟ್ ತಗೊಂಡೇ ತಗೋತೀನಿ ಅಂತ ಹೊರಟಿದ್ದ. ಒಂದು ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದರೆ, ಕೈಯಲ್ಲಿ ಫಳಫಳ ಹೊಳೆಯೋ ಬ್ರೋಷರ್ ಹಿಡ್ಕೊಂಡು ನಿಂತಿದ್ದ.

"ಸಾರ್, ಒಂದ್ನಿಮಿಷ. ಇದು ನಿಜಾನಾ ನೋಡಿ."

ನೋಡಿದೆ. ಒಂದು ಹಾಲ್‌ನ ಫೋಟೋ. ಅದರ ಮೇಲೆ ಬಸವನಹುಳುವಿನ ಚಿಪ್ಪಿನ ಥರ ಸುತ್ತಿಕೊಂಡು ಹೋಗೋ ಒಂದು ಬಂಗಾರದ ಗೆರೆ. ಪಕ್ಕದಲ್ಲಿ ಗ್ರೀಸಿನ ಪಾರ್ಥೆನಾನ್ ದೇವಾಲಯದ ಚಿತ್ರ, ಅದರ ಮೇಲೂ ಅದೇ ಗೆರೆ. ಕೆಳಗೆ ದಪ್ಪ ಅಕ್ಷರದಲ್ಲಿ 1.618. ಈ ಟವರ್ ಗೋಲ್ಡನ್ ರೇಶಿಯೋ ಪ್ರಕಾರ ವಿನ್ಯಾಸ ಮಾಡಿರೋದು, ಹಾಗಾಗಿ ಪಕ್ಕದ ಟವರ್‌ಗಿಂತ ಚದರಡಿಗೆ 200 ರೂಪಾಯಿ ಜಾಸ್ತಿ ಅಂತ ಸೇಲ್ಸ್‌ನವರು ಹೇಳಿದ್ದರಂತೆ. ಇವನು ನೋಡಿದ್ದು 1,250 ಚದರಡಿ ಫ್ಲಾಟು. ಲೆಕ್ಕ ಹಾಕಿ. ಎರಡೂವರೆ ಲಕ್ಷ ರೂಪಾಯಿ, ಬರೀ ಒಂದು ಸಂಖ್ಯೆಗೆ.

"ಮಗಳ ಎರಡು ವರ್ಷದ ಸ್ಕೂಲ್ ಫೀಸು ಸಾರ್ ಅದು" ಅಂದ.

ನಾನು ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಕೂಡ ಅಲ್ಲ. ಆದರೆ ಎರಡೂವರೆ ಲಕ್ಷದ ಸಂಖ್ಯೆ ಅಂದರೆ ಸುಮ್ಮನೆ ಬಿಡೋಕಾಗುತ್ತಾ? ಓದಿದೆ, ಗೊತ್ತಿದ್ದವರನ್ನ ಕೇಳಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಇದು ಏನು ಅಂತ ಅರ್ಥ ಮಾಡ್ಕೊಳ್ಳೋಣ. ಹತ್ತು ಅಡಿ ಉದ್ದದ ಒಂದು ಕಬ್ಬಿನ ಜಲ್ಲೆ ತಗೊಳ್ಳಿ. ಅದನ್ನ ಎರಡು ತುಂಡು ಮಾಡಬೇಕು. ಆದರೆ ಒಂದು ಷರತ್ತು. ಇಡೀ ಜಲ್ಲೆ ದೊಡ್ಡ ತುಂಡಿನ ಎಷ್ಟು ಪಟ್ಟು ಇದೆಯೋ, ದೊಡ್ಡ ತುಂಡು ಸಣ್ಣ ತುಂಡಿನ ಅಷ್ಟೇ ಪಟ್ಟು ಇರಬೇಕು. ಹಾಗೆ ಕಡಿಯೋಕೆ ಇರೋದು ಒಂದೇ ಅಳತೆ. ದೊಡ್ಡದು ಸುಮಾರು 6.18 ಅಡಿ, ಸಣ್ಣದು 3.82 ಅಡಿ. ಹತ್ತನ್ನ 6.18ರಿಂದ ಭಾಗಿಸಿ, 1.618 ಬರುತ್ತೆ. 6.18ನ್ನ 3.82ರಿಂದ ಭಾಗಿಸಿ, ಮತ್ತೆ 1.618. ಇದೇ ಸುವರ್ಣ ಅನುಪಾತ. ಉದ್ದ ಅಗಲ ಈ ಲೆಕ್ಕದಲ್ಲಿರೋ ಒಂದು ಆಯತದಿಂದ ಪೂರ್ತಿ ಚೌಕ ಒಂದನ್ನ ಕತ್ತರಿಸಿ ತೆಗೆದರೆ, ಉಳಿಯೋ ಸಣ್ಣ ಆಯತ ಕೂಡ ದೊಡ್ಡದರ ಆಕಾರದಲ್ಲೇ ಇರುತ್ತೆ. ಅದರಿಂದ ಇನ್ನೊಂದು ಚೌಕ ತೆಗೆಯಿರಿ, ಮತ್ತೆ ಅದೇ ಆಕಾರ. ಬ್ರೋಷರ್‌ನಲ್ಲಿದ್ದ ಬಂಗಾರದ ಗೆರೆ ಹುಟ್ಟೋದು ಹೀಗೆ, ಆ ಚೌಕಗಳ ಮೂಲೆಯಿಂದ ಮೂಲೆಗೆ ಕಮಾನು ಎಳೆದಾಗ.

ಗಣಿತದಲ್ಲಿ ಇದು ಅಪ್ಪಟ ಚಿನ್ನ, ಅನುಮಾನವೇ ಬೇಡ. ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಇದನ್ನ ಬರೆದಿಟ್ಟಿದ್ದಾನೆ. ನಮ್ಮವರೂ ಹಿಂದೆ ಬಿದ್ದಿಲ್ಲ. 1, 2, 3, 5, 8, 13 ಅಂತ ಹಿಂದಿನ ಎರಡನ್ನ ಕೂಡಿಸ್ತಾ ಹೋಗೋ ಸಂಖ್ಯಾಸರಣಿ ಇದೆಯಲ್ಲ, ಫಿಬೊನಾಚಿ ಅಂತ ಮಕ್ಕಳು ಓದ್ತಾರಲ್ಲ, ಆತ 1202ರಲ್ಲಿ ಪುಸ್ತಕ ಬರೆಯೋದಕ್ಕೆ ಮೊದಲೇ, 1150ರ ಹೊತ್ತಿಗೆ, ಹೇಮಚಂದ್ರ ಅದನ್ನ ಛಂದಸ್ಸಿನಲ್ಲಿ ಹೇಳಿದ್ದ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ನಾಲ್ಕು ಮಾತ್ರೆಯನ್ನ ಎಷ್ಟು ರೀತಿ ತುಂಬಬಹುದು? ಐದು ರೀತಿ. ಐದು ಮಾತ್ರೆ? ಎಂಟು. ಈ ಸರಣಿಯಲ್ಲಿ ಮುಂದೆ ಮುಂದೆ ಹೋದ ಹಾಗೆ ಅಕ್ಕಪಕ್ಕದ ಸಂಖ್ಯೆಗಳ ಅನುಪಾತ 1.618ಕ್ಕೆ ಹತ್ತಿರ ಬರುತ್ತೆ. 13ನ್ನ 8ರಿಂದ ಭಾಗಿಸಿ ನೋಡಿ, 1.625.

ತಕರಾರು ಶುರುವಾಗೋದು ಗಣಿತ ಬಿಟ್ಟು ಕಟ್ಟಡಕ್ಕೆ ಬಂದಾಗ.

ಪಾರ್ಥೆನಾನ್ ವಿಷಯಾನೇ ತಗೊಳ್ಳಿ. ಅದನ್ನ ಕಟ್ಟೋಕೆ ಶುರು ಮಾಡಿದ್ದು ಕ್ರಿಸ್ತಪೂರ್ವ 447ರಲ್ಲಿ, ಯೂಕ್ಲಿಡ್‌ಗಿಂತ ಒಂದೂವರೆ ಶತಮಾನ ಮೊದಲು. ಅದರ ಕಂಬಗಳು ನಿಂತಿರೋ ಜಗಲಿ ಸುಮಾರು 69.5 ಮೀಟರ್ ಉದ್ದ, 30.9 ಮೀಟರ್ ಅಗಲ. ಭಾಗಿಸಿ. 2.25 ಬರುತ್ತೆ, ಅಂದ್ರೆ 9ಕ್ಕೆ 4. ಕಟ್ಟಿದವರು ಹಿಡಿದ ಲೆಕ್ಕ 9ಕ್ಕೆ 4. ಮುಂಭಾಗದ ಫೋಟೋ ಮೇಲೆ ಬಂಗಾರದ ಆಯತ ಕೂರಿಸ್ತಾರಲ್ಲ, ಅಲ್ಲಿ ಮೆಟ್ಟಿಲು ಸೇರಿಸ್ಬೇಕಾ ಬಿಡ್ಬೇಕಾ, ಬಿದ್ದುಹೋದ ಶಿಖರವನ್ನ ಎಲ್ಲಿವರೆಗೆ ಎಳೀಬೇಕು ಅನ್ನೋದು ಗೆರೆ ಎಳೆಯೋನ ಇಷ್ಟ. ಉತ್ತರ ಮೊದಲು, ಲೆಕ್ಕ ಆಮೇಲೆ. ಪರೀಕ್ಷೆಯಲ್ಲಿ ಗೈಡ್ ನೋಡಿ ಬರೆದ ಹಾಗೆ.

ಸರಿ, ಹಳೇದು ಬಿಡಿ. ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡ ಟಿವಿಯಲ್ಲಿ ದಿನಾ ನೋಡ್ತೀರಿ. ಅದರ ಮುಖ ಸುವರ್ಣ ಆಯತ ಅಂತ ಎಷ್ಟೋ ಪುಸ್ತಕಗಳಲ್ಲಿದೆ. ಅಮೆರಿಕದ ಗಣಿತಜ್ಞ ಜಾರ್ಜ್ ಮಾರ್ಕೋವ್‌ಸ್ಕಿ 1992ರಲ್ಲಿ ಇಂಥ ಕತೆಗಳನ್ನೆಲ್ಲ ಒಂದೊಂದಾಗಿ ಅಳೆದು ನೋಡಿ ಲೇಖನ ಬರೆದರು. ಕಟ್ಟಡದ ಎತ್ತರ 505 ಅಡಿ, ಅಗಲ 287 ಅಡಿ. ಅನುಪಾತ 1.76. ನಿಮ್ಮ ಮನೆಯ ಟಿವಿ ಪರದೆ 16ಕ್ಕೆ 9, ಅಂದ್ರೆ 1.78. ವಿಶ್ವಸಂಸ್ಥೆ ಚಿನ್ನಕ್ಕಿಂತ ನಿಮ್ಮ ಟಿವಿಗೆ ಹತ್ತಿರ!

ನಿಮ್ಮ ಪರ್ಸ್‌ನಲ್ಲಿರೋ ಎಟಿಎಂ ಕಾರ್ಡ್ ತೆಗೆದು ಅಳೆಯಿರಿ. 1.586. ಹತ್ತಿರ ಇದೆ, ಅದಲ್ಲ. ಇಷ್ಟು ಹತ್ತಿರ ಬಂದಿದ್ದನ್ನೆಲ್ಲ ಚಿನ್ನ ಅಂದರೆ, ನಮ್ಮ ಬೆಂಗಳೂರಿನ 50ಕ್ಕೆ 80ರ ಸೈಟೂ ಚಿನ್ನವೇ. ಅದು 1.6. ಪಾಪ, 30ಕ್ಕೆ 40ರಲ್ಲಿ ಮನೆ ಕಟ್ಟಿದವರು 1.33ರಲ್ಲೇ ಜೀವನ ಸಾಗಿಸ್ತಿದ್ದಾರೆ.

ಇನ್ನೊಂದು ತಮಾಷೆ ಹೇಳ್ತೀನಿ. ಇದಕ್ಕೆ 'ಸುವರ್ಣ' ಅನ್ನೋ ಹೆಸರೇ ಹೊಸದು. ಮುದ್ರಣದಲ್ಲಿ ಆ ಮಾತು ಕಾಣಿಸೋದು 1835ರಲ್ಲಿ, ಜರ್ಮನಿಯ ಮಾರ್ಟಿನ್ ಓಮ್ ಬರೆದ ಗಣಿತದ ಪುಸ್ತಕದಲ್ಲಿ. ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠದಲ್ಲಿ ಓಮ್ ನಿಯಮ ಉರು ಹೊಡೆದಿದ್ದೀವಲ್ಲ, ಆ ಓಮ್‌ನ ತಮ್ಮ ಈತ. ಆಮೇಲೆ 1854ರಲ್ಲಿ ಅಡಾಲ್ಫ್ ಝೈಸಿಂಗ್ ಅನ್ನೋ ಇನ್ನೊಬ್ಬ ಜರ್ಮನ್ ಬಂದು, ಮನುಷ್ಯನ ದೇಹ, ಕಲೆ, ಕಟ್ಟಡ ಎಲ್ಲದರಲ್ಲೂ ಇದೇ ನಿಯಮ ಅಂತ ಸಾರಿದ. ಬ್ರೋಷರ್‌ನ ಕತೆಯ ಬೇರು ಅಲ್ಲಿದೆ. ಏಥೆನ್ಸ್‌ನಲ್ಲಿ ಅಲ್ಲ.

ಹಾಗಾದರೆ ಇದನ್ನ ಯಾರೂ ನಿಜವಾಗಿ ಕಟ್ಟಡಕ್ಕೆ ಬಳಸೇ ಇಲ್ವಾ? ಬಳಸಿದ್ದಾರೆ. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಹೆಸರೇ ಬಳಸಿದೆ. ಚಂಡೀಗಢ ಕಟ್ಟಿದ ಲೆ ಕಾರ್ಬ್ಯುಸಿಯೆ. ಈತ ಬಳಸಿದ್ದು ಹೇಗೆ ಅನ್ನೋದು ನನಗೆ ಬಹಳ ಇಷ್ಟವಾಯ್ತು, ಯಾಕಂದ್ರೆ ಅದು ಬ್ರೋಷರ್‌ಗೆ ಪೂರ್ತಿ ಉಲ್ಟಾ.

1943. ಫ್ರಾನ್ಸ್ ಜರ್ಮನ್ನರ ಕೈಯಲ್ಲಿದೆ. ಯುದ್ಧ ಮುಗಿದ ಮೇಲೆ ಲಕ್ಷಾಂತರ ಮನೆ ಕಟ್ಟಬೇಕು, ಕಾರ್ಖಾನೆಯಲ್ಲಿ ಬಾಗಿಲು, ಕಿಟಕಿ, ಹಲಗೆ ತಯಾರಾಗಿ ಬರಬೇಕು. ಯಾವ ಅಳತೆಯಲ್ಲಿ? ಮೀಟರ್ ಮನುಷ್ಯನ ಮೈಗೆ ಸಂಬಂಧವಿಲ್ಲದ್ದು ಅನ್ನೋದು ಆತನ ತಕರಾರು. ಮೊಳ, ಗೇಣು, ಅಡಿ ಥರ ಮೈಯಿಂದ ಹುಟ್ಟಿದ ಅಳತೆ ಬೇಕು, ಆದರೆ ಅದು ಲೆಕ್ಕಕ್ಕೂ ಕೂಡಿಬರಬೇಕು. ಹೀಗೆ ಹುಟ್ಟಿದ್ದು 'ಮಾಡ್ಯುಲೋರ್'. ಮಾಡ್ಯುಲರ್ ಕಿಚನ್ ಅಲ್ಲ ಮಹರಾಯರೇ, ಮಾಡ್ಯುಲೋರ್.

ಕೈ ಮೇಲೆತ್ತಿ ನಿಂತ ಒಬ್ಬ ಗಂಡಸು. ಎತ್ತರ 183 ಸೆಂಟಿಮೀಟರ್. ಹೊಕ್ಕುಳು 113ರಲ್ಲಿ. 183ನ್ನ 113ರಿಂದ ಭಾಗಿಸಿದರೆ 1.62. ಅಲ್ಲಿಂದ ಕೆಳಗೆ ಇಳಿದರೆ 70, ಆಮೇಲೆ 43, ಆಮೇಲೆ 27. ಎತ್ತಿದ ಕೈಬೆರಳ ತುದಿ 226ರಲ್ಲಿ, ಅಲ್ಲಿಂದ ಇಳಿದರೆ 140, 86. ಇವೆಲ್ಲ ಸುಮ್ಮನೆ ಸಂಖ್ಯೆಗಳಲ್ಲ. 43 ಅಂದ್ರೆ ಕುರ್ಚಿಯ ಎತ್ತರ. 70 ಅಂದ್ರೆ ಮೇಜು. 113 ನಿಂತು ಮೊಣಕೈ ಊರೋ ಕಟ್ಟೆ. 226 ಚಾವಣಿ.

ಇದರ ಗಮ್ಮತ್ತು ಎಲ್ಲಿದೆ ಅಂದ್ರೆ, 27 ಮತ್ತು 43 ಕೂಡಿಸಿ, 70 ಬರುತ್ತೆ. 43 ಮತ್ತು 70 ಕೂಡಿಸಿ, 113. 70 ಮತ್ತು 113, 183. ಅಕ್ಕಪಕ್ಕದ ಎರಡು ಸಣ್ಣ ಅಳತೆ ಸೇರಿದರೆ ಮುಂದಿನ ದೊಡ್ಡ ಅಳತೆ, ಒಂದಿಷ್ಟೂ ಮಿಗೋದಿಲ್ಲ, ಒಂದಿಷ್ಟೂ ಕೊರೆ ಬೀಳೋದಿಲ್ಲ. ಮನೆ ಕಟ್ಟಿಸಿದವರಿಗೆ ಇದರ ಬೆಲೆ ಗೊತ್ತಿರುತ್ತೆ. ಟೈಲ್ಸ್ ಹಾಕ್ತಾ ಹಾಕ್ತಾ ಕೊನೇ ಸಾಲಿಗೆ ಎರಡಿಂಚು ಪಟ್ಟಿ ಕತ್ತರಿಸಿ ತುರುಕ್ತಾರಲ್ಲ, ಅಂಥ ಪೇಚು ಇರಬಾರದು ಅನ್ನೋದು ಆತನ ಆಸೆ. ಕಟ್ಟಡದಲ್ಲಿ ಸುವರ್ಣ ಅನುಪಾತಕ್ಕೆ ನಿಜವಾದ ಕೆಲಸ ಅಂತ ಇದ್ದರೆ ಅದು ಇದೇ. ಒಂದಕ್ಕೊಂದು ಹೊಂದೋ ಅಳತೆಗಳ ಒಂದು ಪಟ್ಟಿ. 1946ರಲ್ಲಿ ಪ್ರಿನ್ಸ್‌ಟನ್‌ಗೆ ಹೋಗಿ ಐನ್‌ಸ್ಟೈನ್‌ಗೆ ತೋರಿಸಿದಾಗ, ಕೆಟ್ಟದ್ದು ಮಾಡೋದನ್ನ ಕಷ್ಟ ಮಾಡುವ, ಒಳ್ಳೇದು ಮಾಡೋದನ್ನ ಸುಲಭ ಮಾಡುವ ಅಳತೆ ಇದು ಅನ್ನೋ ಅರ್ಥದಲ್ಲಿ ಅವರು ಬರೆದುಕೊಟ್ಟರು. ಗಮನಿಸಿ, ಸುಲಭ ಮಾಡುತ್ತೆ ಅಂದರು. ತಾನೇ ತಾನಾಗಿ ಒಳ್ಳೇದಾಗುತ್ತೆ ಅನ್ನಲಿಲ್ಲ.

ಈಗ ಕೇಳಿ. ಆ ಗಂಡಸಿನ ಎತ್ತರ ಮೊದಲು 183 ಇರಲೇ ಇಲ್ಲ! 175 ಇತ್ತು. ಆ ಅಳತೆಗಳನ್ನ ಅಡಿ-ಇಂಚಿಗೆ ತಂದರೆ ಎಲ್ಲ ಚೂರುಚೂರು ಭಿನ್ನರಾಶಿ. ಆಗ ಆಫೀಸಿನ ಒಬ್ಬ ಸಹಾಯಕ, ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಪೊಲೀಸಿನಂಥ ಚೆಂದದ ಗಂಡಸರು ಯಾವಾಗಲೂ ಆರಡಿ ಇರ್ತಾರೆ ಅಂದನಂತೆ. ಸರಿ, ಆರಡಿ ಮಾಡಿದರು. ಲೆಕ್ಕ ಇಂಚಿಗೂ ಕೂತಿತು. ಇದನ್ನ ಕಾರ್ಬ್ಯುಸಿಯೆ ತಾನೇ ಬರೆದುಕೊಂಡಿದ್ದಾನೆ, ಮುಚ್ಚಿಟ್ಟಿಲ್ಲ. ಇಡೀ ವಿಶ್ವದ ಲಯ ಅಂತ ಹೇಳಿದ ಸಂಖ್ಯೆ ಎಂಟು ಸೆಂಟಿಮೀಟರ್ ಜಿಗಿದಿದ್ದು ಪತ್ತೇದಾರಿ ಕಾದಂಬರಿ ಓದಿ.

ನನ್ನ ಅಮ್ಮನ ಎತ್ತರ ಐದು ಅಡಿ. ಕೈ ಎತ್ತಿದರೂ 226ಕ್ಕೆ ಒಂದಡಿ ಕಡಿಮೆ ಬೀಳುತ್ತೆ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸೋಕೆ ಸ್ಟೂಲ್ ಹಾಕ್ಕೊಂಡೇ ಜೀವನ ಕಳೆದವರು. ಆ ಪಟ್ಟಿಯಲ್ಲಿ ಅಮ್ಮ ಇಲ್ಲ. ಮಕ್ಕಳೂ ಇಲ್ಲ.

ಈ ಅಳತೆ ಹಿಡಿದು ಕಟ್ಟಿದ ದೊಡ್ಡ ಕಟ್ಟಡ ಫ್ರಾನ್ಸಿನ ಮಾರ್ಸೇಯ್ ಊರಿನಲ್ಲಿದೆ, 'ಯುನಿತೆ ದಾಬಿತಾಸಿಯೋ'. 1947ರಿಂದ 1952ರವರೆಗೆ ಕಟ್ಟಿದ್ದು. 337 ಮನೆ, 140 ಮೀಟರ್ ಉದ್ದ, 24 ಮೀಟರ್ ಅಗಲ, 56 ಮೀಟರ್ ಎತ್ತರ. ಊರಿನ ಜನ ಅದನ್ನ ಹುಚ್ಚನ ಮನೆ ಅಂತ ಕರೆದರು. ಈಗ ಅದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಷ್ಟು ದೊಡ್ಡ ಕಟ್ಟಡದ ಮುಖ್ಯ ಅಳತೆಗಳೆಲ್ಲ ಸೇರಿ ಕೇವಲ 15. ಚಾವಣಿ 2.26 ಮೀಟರ್. ಒಂದೊಂದು ಮನೆಯ ಅಗಲ 3.66 ಮೀಟರ್, ಅಂದ್ರೆ ಆ ಗಂಡಸಿನ ಎತ್ತರದ ಎರಡರಷ್ಟು. ಮಕ್ಕಳ ಕೋಣೆಗಳು 1.83 ಮೀಟರ್ ಅಗಲ. ಆರೇ ಅಡಿ! ಎರಡು ಕೋಣೆ ನಡುವೆ ಜಾರಿಸೋ ಗೋಡೆ, ಅದೇ ಮಕ್ಕಳಿಗೆ ಕಪ್ಪುಹಲಗೆ.

ನಮ್ಮಲ್ಲಿ ಇದನ್ನ ಹಾಗೇ ಕಟ್ಟೋಕಾಗಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಕೋಣೆಯ ಚಾವಣಿ 2.75 ಮೀಟರ್‌ಗಿಂತ ಕಡಿಮೆ ಇರಬಾರದು, ಅಂದ್ರೆ ಒಂಬತ್ತು ಅಡಿ. 2.26 ಅಂದ್ರೆ ಏಳೂವರೆ ಅಡಿಯೂ ಇಲ್ಲ. ಅಲ್ಲಿ ಫ್ಯಾನ್ ನೇತುಹಾಕಿದರೆ ಕೈ ಎತ್ತಿ ಆಕಳಿಸೋ ಹಾಗಿಲ್ಲ.

ಆದರೂ ಆ ಮನೆಗಳಲ್ಲಿ ಜನ ಇವತ್ತಿಗೂ ಇಷ್ಟಪಟ್ಟು ಇದ್ದಾರೆ. ಯಾಕೆ? ಹೆಚ್ಚಿನ ಮನೆಗಳು ಕಟ್ಟಡದ ಈ ತುದಿಯಿಂದ ಆ ತುದಿಯವರೆಗೆ ಹಾಯ್ದು ಹೋಗಿವೆ. ಬೆಳಿಗ್ಗೆ ಪೂರ್ವದ ಬಿಸಿಲು, ಸಂಜೆ ಪಶ್ಚಿಮದ ಬಿಸಿಲು, ನಡುವೆ ಗಾಳಿ ಆಡುತ್ತೆ. ಹಾಲ್‌ನಲ್ಲಿ ಒಂದು ಭಾಗದ ಚಾವಣಿ ಎರಡು ಅಂತಸ್ತು ಎತ್ತರ, ಸುಮಾರು 4.8 ಮೀಟರ್, ಅಷ್ಟೂ ಎತ್ತರಕ್ಕೆ ಗಾಜು. ಕೆಲಸ ಮಾಡಿರೋದು ಆ ಎರಡು ಕಡೆಯ ಬೆಳಕು ಅನ್ನೋದು ನನ್ನ ಅಭಿಪ್ರಾಯ. ಹೆಸರು ಬಂದಿದ್ದು 1.618ಕ್ಕೆ.

ಚಂಡೀಗಢಕ್ಕೆ ಬರೋಣ. 1951ರ ಮಾರ್ಚ್. ರಾಜಧಾನಿ ಇನ್ನೂ ಹೊಲ. ಕಾರ್ಬ್ಯುಸಿಯೆ ಜೀಪಿನಲ್ಲಿ ಸೈಟ್ ಸುತ್ತುತ್ತಿದ್ದ. ಮಾಡ್ಯುಲೋರ್ ಅಳತೆಪಟ್ಟಿಯನ್ನ ಸುತ್ತಿ ಒಂದು ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಹಾಕಿ ಸದಾ ಜೇಬಲ್ಲಿ ಇಟ್ಕೊಳ್ತಿದ್ದ. ಅವತ್ತು ಅದು ಜೀಪಿನಿಂದ ಹೊಲದ ಮಣ್ಣಿಗೆ ಬಿದ್ದು ಕಳೆದೇ ಹೋಯ್ತು. ಆ ಮಣ್ಣಲ್ಲೇ ಇದೆ, ಅದೇ ನೆಲದಿಂದ ನಗರ ಏಳುತ್ತೆ ಅಂತ ಖುಷಿಪಟ್ಟು ಬರೆದುಕೊಂಡ. ಅಲ್ಲಿನ ಹೈಕೋರ್ಟ್, ಸಚಿವಾಲಯ, ವಿಧಾನಸಭೆಗಳ ವಿನ್ಯಾಸದಲ್ಲಿ ಆ ಅಳತೆ ಬಳಸಿದ. 2016ರಲ್ಲಿ ಯುನೆಸ್ಕೊ ಆ ಸಮುಚ್ಚಯವನ್ನೂ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಹೈಕೋರ್ಟ್ ಕಟ್ಟಡದ ಸುದ್ದಿ ನಾನೇ ಓದಿದ್ದೀನಿ. ಒಂದನೇ ನಂಬರ್ ಕೋರ್ಟ್ ಕೊಠಡಿ ಮುಂದೆ ಬಿಸಿಲು, ಮಳೆಗೆ ಮರೆ ಇಲ್ಲ. ಎರಡರಿಂದ ಒಂಬತ್ತನೇ ಕೊಠಡಿವರೆಗೆ ವರಾಂಡ ಹಿಂದೆಯೇ ಕಟ್ಟಿಸಿಕೊಂಡಾಗಿತ್ತು, ಇದೊಂದು ಉಳಿದಿತ್ತು. ಇಲ್ಲೂ ವರಾಂಡ ಕಟ್ಟಿ ಅಂತ 2024ರ ನವೆಂಬರ್‌ನಲ್ಲಿ ಹೈಕೋರ್ಟೇ ಆದೇಶ ಮಾಡಿತು. ಕಟ್ಟಿದರೆ ಪರಂಪರೆಯ ಸ್ಥಾನಕ್ಕೆ ಧಕ್ಕೆ ಅಂತ ಚಂಡೀಗಢ ಆಡಳಿತ ಸುಪ್ರೀಂ ಕೋರ್ಟಿಗೆ ಹೋಯ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು. ಜಗತ್ತೇ ಮೆಚ್ಚಿದ ಅಳತೆಯ ಕಟ್ಟಡ, ಸರಿ. ಆದರೆ ಮಳೆಯಲ್ಲಿ ಫೈಲ್ ಹಿಡ್ಕೊಂಡು ನಿಂತ ಕಕ್ಷಿದಾರನಿಗೆ ಬೇಕಾಗಿದ್ದು ಒಂದು ಸೂರು.

ಇಷ್ಟೆಲ್ಲ ಓದಿ ಮತ್ತೆ ನಮ್ಮ ಹುಡುಗನ ಬ್ರೋಷರ್ ತೆಗೆದೆ. ಪ್ಲಾನ್ ಹಾಳೆ ನೋಡಿದೆ. ಹಾಲ್ 11 ಅಡಿ ಅಗಲ, 17 ಅಡಿ 9 ಇಂಚು ಉದ್ದ. ಭಾಗಿಸಿದೆ. 1.614. ಸುಳ್ಳು ಹೇಳಿರಲಿಲ್ಲ! ಹಾಲ್ ನಿಜವಾಗಲೂ ಚಿನ್ನವೇ. ಎರಡು ಬೆಡ್‌ರೂಮು, ಅಡುಗೆಮನೆ, ಯಾವುದರಲ್ಲೂ ಆ ಲೆಕ್ಕ ಇರಲಿಲ್ಲ ಅನ್ನೋದು ಬೇರೆ ಮಾತು.

ಆದರೆ ಆ ಹಾಲ್‌ಗೆ ಬೆಳಕು ಬರೋ ದಾರಿ ಒಂದೇ. ಹನ್ನೊಂದು ಅಡಿಯ ಕಿರಿದಾದ ಬದಿಯಲ್ಲಿ ಏಳಡಿ ಎತ್ತರದ ಬಾಲ್ಕನಿ ಬಾಗಿಲು. ಅದರ ಮುಂದೆ ಮೇಲಿನ ಮನೆಯ ಬಾಲ್ಕನಿ ಐದಡಿ ಚಾಚಿಕೊಂಡಿದೆ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಚೆನ್ನಾಗಿ ಒಳಗೆ ಬರುತ್ತೆ ಅನ್ನೋದು ಆರ್ಕಿಟೆಕ್ಟ್‌ಗಳ ಒಂದು ಅಂದಾಜು. ಏಳಡಿಗೆ ಅದು ಹದಿನಾಲ್ಕರಿಂದ ಹದಿನೇಳೂವರೆ ಅಡಿ. ಚಾಚಿದ ಬಾಲ್ಕನಿ ಅದರಲ್ಲೂ ಕತ್ತರಿ ಹಾಕುತ್ತೆ. ಹಾಲ್‌ನ ಒಳತುದಿಯಲ್ಲಿ ಪ್ಲಾನ್‌ನವರು ಏನು ಬರೆದಿದ್ದರು ಗೊತ್ತಾ? ಊಟದ ಮೇಜು. ಮಗಳು ಹೋಮ್‌ವರ್ಕ್ ಮಾಡೋ ಜಾಗ.

ಉದ್ದಕ್ಕೆ ಅಗಲ ಇಷ್ಟೇ ಪಟ್ಟು ಇರಬೇಕು ಅಂತ ಸಂಹಿತೆ ಎಲ್ಲೂ ಕೇಳೋದಿಲ್ಲ. ಕೋಣೆ ಕನಿಷ್ಠ ಎಷ್ಟು ಅಗಲ, ಎಷ್ಟು ಎತ್ತರ ಅಂತ ಕೇಳುತ್ತೆ. ಕಿಟಕಿ, ಗಾಳಿಗಂಡಿಗಳು ನೆಲದ ವಿಸ್ತೀರ್ಣದ ಎಷ್ಟನೇ ಒಂದು ಭಾಗ ಇರಬೇಕು ಅಂತ ಹವಾಮಾನ ನೋಡಿ ಹೇಳುತ್ತೆ. ಸೆಕೆಯ, ತೇವದ ಊರಿಗೆ ಆರನೇ ಒಂದು ಭಾಗ, ಚಳಿಯ ಊರಿಗೆ ಹನ್ನೆರಡನೇ ಒಂದು. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಷ್ಟು ಅಂತ ಬಿಲ್ಡರ್ ಹೇಳಲೇಬೇಕು ಅನ್ನುತ್ತೆ.

ಹುಡುಗನಿಗೆ ಎರಡೇ ಕೆಲಸ ಹೇಳಿದೆ. ಮಧ್ಯಾಹ್ನ ಹೋಗಿ ಅದೇ ಪ್ಲಾನಿನ ಸ್ಯಾಂಪಲ್ ಫ್ಲಾಟ್‌ನಲ್ಲಿ ಲೈಟೆಲ್ಲ ಆಫ್ ಮಾಡಿಸು. ಊಟದ ಮೇಜಿನ ಹತ್ತಿರ ಕೂತು ಪೇಪರ್ ಓದು.

ಹೋದ. ಹೆಡ್‌ಲೈನ್ ಕಾಣಿಸಿತಂತೆ, ಕೆಳಗಿನ ಸುದ್ದಿ ಓದೋಕೆ ಮೊಬೈಲ್ ಟಾರ್ಚ್ ಬೇಕಾಯ್ತಂತೆ. ಆಮೇಲೆ ತನ್ನದೇ ತಲೆ ಓಡಿಸಿ, "1.618 ವಿನ್ಯಾಸಕ್ಕೆ ಅಂತ ಎರಡೂವರೆ ಲಕ್ಷ ತಗೋತೀರಲ್ಲ, ಅಗ್ರಿಮೆಂಟ್‌ನಲ್ಲಿ ಅದನ್ನ ಬರೆದುಕೊಡ್ತೀರಾ?" ಅಂತ ಕೇಳಿದನಂತೆ. ಸೇಲ್ಸ್‌ನವರು ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದು, ಚದರಡಿಗೆ 200 ಅಲ್ಲ, ನಿಮಗೋಸ್ಕರ 100 ಮಾಡ್ತೀವಿ ಅಂದರಂತೆ. ಇವನು ಎದ್ದು ಬಂದ.

ಆಮೇಲೆ ನಾಲ್ಕು ಭಾನುವಾರ ಟೇಪು, ಪೇಪರು ಹಿಡ್ಕೊಂಡು ಊರೆಲ್ಲ ತಿರುಗಿದ. ಹೋದ ವಾರ ಮತ್ತೆ ಸ್ಟುಡಿಯೋ ಬಾಗಿಲಲ್ಲಿ ಸಿಕ್ಕ. ಹದಿನೈದು ವರ್ಷ ಹಳೆಯ ಅಪಾರ್ಟ್‌ಮೆಂಟ್, ಮೂಲೆ ಫ್ಲಾಟು, ಎರಡು ಕಡೆ ಕಿಟಕಿ. ಹಾಲ್ 12ಕ್ಕೆ 15. ಅಂದ್ರೆ 1.25. ಅಡ್ವಾನ್ಸ್ ಕೊಟ್ಟು ಬಂದಿದ್ದಾನೆ.

"ಪೇಪರ್ ಓದಿದ್ಯೇನೋ?" ಅಂದೆ.

"ಪೂರ್ತಿ ಓದಿದೆ ಸಾರ್. ಟೆಂಡರ್ ಜಾಹೀರಾತು ಸಮೇತ."